ಚರ್ಮಗಂಟು ರೋಗದ ಲಸಿಕೆ: ನಿಮ್ಮ ಹಸುವಿಗೆ ಬರುವ ಮೊದಲು ಅದು ಪಾಸಾದ ಪರೀಕ್ಷೆಗಳು

"ಸಾರ್, ಚರ್ಮಗಂಟು ಲಸಿಕೆ ಹಾಕ್ಸಿದ್ರೆ ಹಾಲು ಕಮ್ಮಿ ಆಗುತ್ತಂತೆ, ಗಬ್ಬದ ಹಸು ಕಂದು ಹಾಕುತ್ತಂತೆ, ನಿಜಾನಾ?" ಪಶುವೈದ್ಯನಾದ ನನಗೆ ವಾಟ್ಸಾಪ್‌ನಲ್ಲಿ ಪದೇ ಪದೇ ಬರುವ ಪ್ರಶ್ನೆ ಇದು. ಬರೀ "ಸುಳ್ಳು" ಅಂದ್ರೆ ಯಾರೂ ನಂಬಲ್ಲ. ಅದಕ್ಕೇ ಈ ವಾರ ಲಸಿಕೆಯನ್ನು ಹೇಗೆ ತಯಾರಿಸಿದರು, ಹೇಗೆ ಪರೀಕ್ಷೆ ಮಾಡಿದರು ಅನ್ನೋದನ್ನೇ ಹೇಳ್ತೀನಿ.

ಮೊದಲು ಮೇಕೆ ಲಸಿಕೆ ಯಾಕೆ ಕೊಟ್ಟರು?

ಚರ್ಮಗಂಟು ರೋಗ ಭಾರತದಲ್ಲಿ ಮೊದಲು ಕಂಡಿದ್ದು 2019ರಲ್ಲಿ, ಒಡಿಶಾದಲ್ಲಿ. ಆಗ ಈ ರೋಗಕ್ಕೆಂದೇ ತಯಾರಾದ ಲಸಿಕೆ ನಮ್ಮ ದೇಶದಲ್ಲಿ ಇರಲಿಲ್ಲ. ಇದರ ವೈರಸ್ ಮತ್ತು ಮೇಕೆ ಸಿಡುಬಿನ ವೈರಸ್ ದಾಯಾದಿಗಳಿದ್ದ ಹಾಗೆ. ಒಂದನ್ನು ಎದುರಿಸಲು ಕಲಿತ ದೇಹ ಇನ್ನೊಂದನ್ನೂ ಸ್ವಲ್ಪಮಟ್ಟಿಗೆ ಗುರುತಿಸುತ್ತದೆ. ಹಾಗಾಗಿ ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಕೊಡಲು ಅನುಮತಿ ಸಿಕ್ಕಿತು.

ವೈರಸ್ಸನ್ನು ಪಳಗಿಸಿದ್ದು

ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2019ರಲ್ಲಿ ರಾಂಚಿಯ ರೋಗಪೀಡಿತ ದನದಿಂದ ವೈರಸ್ ಬೇರ್ಪಡಿಸಿದರು. ಅದನ್ನು ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸಿ, ಅಲ್ಲಿಂದ ತೆಗೆದು ಹೊಸ ಕೋಶಗಳಿಗೆ ಹಾಕಿ, ಹೀಗೆ 50 ಸುತ್ತು ಮಾಡಿದರು. ಅಷ್ಟು ಹೊತ್ತಿಗೆ ವೈರಸ್ ಆ ಕೋಶಗಳಿಗೆ ಒಗ್ಗಿಕೊಂಡು, ದನದಲ್ಲಿ ರೋಗ ತರುವ ಶಕ್ತಿ ಕಳೆದುಕೊಂಡಿತು. ಆದರೆ ದೇಹ ಅದನ್ನು ನೋಡಿ ರಕ್ಷಣೆ ಕಲಿಯಬಲ್ಲದು. ಇದೇ 'ಲಂಪಿ-ಪ್ರೊವ್ಯಾಕ್‌ಇಂಡ್'. ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯೂ ಕೈಜೋಡಿಸಿದ ಈ ಲಸಿಕೆ 2022ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು.

ಕೋಲಾರ ಜಿಲ್ಲೆ ಮಾಲೂರಿನ ಬಯೋವೆಟ್ ಕಂಪನಿಯ ಲಸಿಕೆಗೂ ಇದೇ ರಾಂಚಿ ತಳಿ ಮೂಲ. ಅದಕ್ಕೆ 2025ರಲ್ಲಿ ಪರವಾನಗಿ ಸಿಕ್ಕಿದೆ.

ಪರೀಕ್ಷೆಯಲ್ಲಿ ಏನಾಯ್ತು?

ಲಂಪಿ-ಪ್ರೊವ್ಯಾಕ್‌ಇಂಡ್ ಅನ್ನು ಮೊದಲು 10 ಕರುಗಳಿಗೆ ಹಾಕಿ ನೋಡಿದರು. ಅಡ್ಡಪರಿಣಾಮ ಕಾಣಲಿಲ್ಲ. ಆಮೇಲೆ ಬಂದದ್ದು ನಿಜವಾದ ಸವಾಲು. 30 ದಿನ ಕಳೆದ ಮೇಲೆ, ಲಸಿಕೆ ಪಡೆದ ಕರುಗಳಿಗೆ ರೋಗ ತರುವ ಅಸಲಿ ವೈರಸ್ಸನ್ನೇ ಕೊಟ್ಟರು. ಕರುಗಳಿಗೆ ಪೂರ್ತಿ ರಕ್ಷಣೆ ಸಿಕ್ಕಿತ್ತು.

ನಂತರ ರೈತರ ಕೊಟ್ಟಿಗೆಗಳಲ್ಲಿ ಒಟ್ಟು 26,940 ಜಾನುವಾರುಗಳಿಗೆ ಹಾಕಿದರು:

- ಲಸಿಕೆಯಿಂದ ಮೈಮೇಲೆ ಗಂಟು ಬಂದದ್ದು 5ಕ್ಕೆ ಮಾತ್ರ.
- ಹಾಲು ಕೊಡುತ್ತಿದ್ದ 10,108 ಜಾನುವಾರುಗಳಲ್ಲಿ ಹಾಲಿನ ಇಳುವರಿ ಗಮನಾರ್ಹವಾಗಿ ಇಳಿಯಲಿಲ್ಲ.
- ಗಬ್ಬವಿದ್ದ 2,889ರಲ್ಲಿ ಒಂದೂ ಕಂದು ಹಾಕಲಿಲ್ಲ.
- 30 ದಿನಗಳಲ್ಲಿ ಶೇ. 85ರಷ್ಟರ ರಕ್ತದಲ್ಲಿ ಪ್ರತಿಕಾಯ ಕಂಡಿತು.

ಕೊನೆಯ ಅಂಕಿ ಗಮನಿಸಿ, ಅದು ನೂರಕ್ಕೆ ನೂರಲ್ಲ. ಅಂದ್ರೆ ನಿಮ್ಮ ಒಂದು ಹಸುವಿಗೆ ಹಾಕಿಸಿ ಸುಮ್ಮನಾದರೆ ಸಾಲದು. ಊರಿನ ದನಗಳಿಗೆಲ್ಲ ಆದಾಗ ವೈರಸ್ಸಿಗೆ ಹರಡಲು ದಾರಿ ಕಮ್ಮಿಯಾಗುತ್ತೆ.

"ಲಸಿಕೆ ಹಾಕ್ಸಿದ ವಾರಕ್ಕೇ ಗಂಟು ಬಂತು!"

ಈ ದೂರು ನಾನು ತುಂಬಾ ಕೇಳಿದ್ದೀನಿ. ಸೋಂಕು ತಗುಲಿದ ನಾಲ್ಕು ವಾರದೊಳಗೆ ಯಾವಾಗ ಬೇಕಾದರೂ ಲಕ್ಷಣ ಕಾಣಿಸಬಹುದು. ಲಸಿಕೆಯ ರಕ್ಷಣೆ ಬಲಿಯಲು ಸುಮಾರು ಮೂರು ವಾರ ಬೇಕು. ಪಕ್ಕದ ಮನೆಗೆ ರೋಗ ಬಂದಮೇಲೆ ಓಡಿದರೆ, ಎಷ್ಟೋ ಸಲ ವೈರಸ್ ಆಗಲೇ ಒಳಗೆ ಹೋಗಿರುತ್ತೆ. ಮಳೆ ಶುರುವಾಗಿ ನೊಣ, ಸೊಳ್ಳೆ ಹೆಚ್ಚುವ ಮೊದಲೇ ಹಾಕಿಸಬೇಕು ಅನ್ನೋದು ಇದಕ್ಕೇ.

ಹಾಕಿಸುವಾಗ ನೆನಪಿಡಿ

- ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಐಸ್ ಬಾಕ್ಸ್‌ನಲ್ಲಿ ತಂದಿದ್ದಾರಾ ಅಂತ ಕೇಳಿ, ಅದು ನಿಮ್ಮ ಹಕ್ಕು.
- ಒಂದು ದನಕ್ಕೆ ಒಂದು ಸೂಜಿ.
- ಜ್ವರ ಇರುವ, ಗಂಟು ಎದ್ದಿರುವ ದನಕ್ಕೆ ಬೇಡ. ಲಸಿಕೆ ಔಷಧಿಯಲ್ಲ. ಆ ದನವನ್ನು ಬೇರೆ ಕಟ್ಟಿ, 1962ಕ್ಕೆ ಫೋನ್ ಮಾಡಿ.
- ಲಸಿಕೆ ಆಯ್ತೆಂದು ಉಣ್ಣೆ, ನೊಣದ ಹತೋಟಿ ಬಿಡಬೇಡಿ.
- ಹಾಕಿಸಿದ ದಿನಾಂಕವನ್ನು ಮೊಬೈಲ್‌ನಲ್ಲಿ ಬರೆದಿಟ್ಟು, ಮುಂದಿನ ವರ್ಷಕ್ಕೆ ರಿಮೈಂಡರ್ ಇಟ್ಟುಕೊಳ್ಳಿ.

ಮುಂದಿನ ಸಲ ಗ್ರೂಪಿನಲ್ಲಿ ಯಾರಾದ್ರೂ "ಕಂದು ಹಾಕುತ್ತಂತೆ" ಅಂದ್ರೆ, ಜಗಳ ಬೇಡ. ಗಬ್ಬದ ಆ 2,889 ಜಾನುವಾರುಗಳ ಲೆಕ್ಕ ಹೇಳಿ.