‘ವರ್ಚುವಲ್ ಮೆಮೊರಿ ಕಡಿಮೆಯಾಗಿದೆ’ ಎಂಬ ಸಂದೇಶ: ಹಣ ವ್ಯಯಿಸುವ ಮುನ್ನ ನೋಡಬೇಕಾದ ಎರಡು ಅಂಕಿಗಳು

ಗಣಕಯಂತ್ರದಲ್ಲಿ ಕೆಲಸ ನಡೆಯುತ್ತಿರುವಾಗಲೇ ‘ವರ್ಚುವಲ್ ಮೆಮೊರಿ ಕಡಿಮೆಯಾಗಿದೆ’ ಎಂಬರ್ಥದ ಇಂಗ್ಲಿಷ್ ಸಂದೇಶ ಪರದೆಯ ಮೇಲೆ ಮೂಡುವುದನ್ನು ಅನೇಕ ಸದಸ್ಯರು ತಮ್ಮ ಮನೆಗಳಲ್ಲಿ ಕಂಡಿರಬಹುದು. ವಿಂಡೋಸ್‌ನ ಈಚಿನ ಆವೃತ್ತಿಗಳಲ್ಲಿ ‘ವರ್ಚುವಲ್’ ಎಂಬ ಪದ ಇರುವುದಿಲ್ಲ. ಮೆಮೊರಿ ಕಡಿಮೆಯಾಗಿದೆ, ಕಡತಗಳನ್ನು ಉಳಿಸಿ ಪ್ರೋಗ್ರಾಂಗಳನ್ನು ಮುಚ್ಚಿರಿ ಎಂದಷ್ಟೇ ಇರುತ್ತದೆ. ಮಕ್ಕಳ ವ್ಯಾಸಂಗಕ್ಕೆಂದು ಕೊಂಡ ಯಂತ್ರದಲ್ಲಿಯೇ ಸ್ವಸಹಾಯ ಸಂಘದ ಲೆಕ್ಕ, ನುಡಿಯಲ್ಲಿ ಬೆರಳಚ್ಚು ಮಾಡಿದ ಅರ್ಜಿಗಳು, ವಾರ್ಡ್ ಸಭೆಯ ಛಾಯಾಚಿತ್ರಗಳು ಸೇರಿಕೊಂಡಿರುತ್ತವೆ. ಅಂತಹ ಯಂತ್ರವನ್ನು ರಿಪೇರಿ ಅಂಗಡಿಗೆ ಒಯ್ದಾಗ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು: ‘ಫಾರ್ಮ್ಯಾಟ್ ಮಾಡಬೇಕು’, ಇಲ್ಲವೇ ‘ಹೊಸದು ಕೊಳ್ಳಿ’. ಮೊದಲನೆಯದರಲ್ಲಿ ಕಡತಗಳೇ ಅಳಿಯುವ ಅಪಾಯವಿದೆ. ಎರಡನೆಯದರ ವೆಚ್ಚ ತಮಗೆ ತಿಳಿದೇ ಇದೆ. ಸಂದೇಶದ ಅರ್ಥ ಗೊತ್ತಿದ್ದರೆ ಈ ಎರಡನ್ನೂ ತಪ್ಪಿಸಲು ಬಹಳಷ್ಟು ಸಲ ಸಾಧ್ಯವಿದೆ.

ಯಂತ್ರವು ತತ್‌ಕ್ಷಣದ ಕೆಲಸಕ್ಕೆ ಬಳಸುವ ಸ್ಮೃತಿಗೆ ರ‍್ಯಾಮ್ ಎಂದು ಹೆಸರು. ಇದು ಕಾರ್ಯದರ್ಶಿಯವರ ಮೇಜಿದ್ದಂತೆ. ಹಾರ್ಡ್ ಡಿಸ್ಕ್ ದಾಖಲೆಗಳ ಕೊಠಡಿಯಿದ್ದಂತೆ. ಮೇಜು ತುಂಬಿದಾಗ ಸದ್ಯ ಬೇಡವಾದ ಕಡತಗಳನ್ನು ಕೊಠಡಿಯ ಗೊತ್ತಾದ ಒಂದು ಕಪಾಟಿಗೆ ಸರಿಸಿ, ಬೇಕೆನಿಸಿದಾಗ ಮರಳಿ ತರುವ ವ್ಯವಸ್ಥೆ ಗಣಕಯಂತ್ರದಲ್ಲಿಯೂ ಇದೆ. ಆ ಕಪಾಟಿಗೆ ಪೇಜ್ ಫೈಲ್ ಎನ್ನುತ್ತಾರೆ. ಅದು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿ ಕಣ್ಣಿಗೆ ಬೀಳದಂತೆ ಇರುತ್ತದೆ. ಡಿಸ್ಕಿನ ನೆರವಿನಿಂದ ಸ್ಮೃತಿಯನ್ನು ಹೀಗೆ ಹಿಗ್ಗಿಸುವ ತಂತ್ರವೇನೂ ಹೊಸದಲ್ಲ. 1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕಾರ್ಯಾರಂಭ ಮಾಡಿದ ಅಟ್ಲಾಸ್ ಎಂಬ ಯಂತ್ರದಲ್ಲಿ ಇದೇ ತತ್ತ್ವ ಬಳಕೆಯಲ್ಲಿತ್ತು. ಆದರೆ ಕೊಠಡಿಗೆ ಓಡಾಡುವುದಕ್ಕೆ ಸಮಯ ತಗಲುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ; ಅಷ್ಟರಲ್ಲಿ ರ‍್ಯಾಮ್‌ನಿಂದ ಹತ್ತಾರು ಸಾವಿರ ಸಲ ಮಾಹಿತಿಯನ್ನು ಓದಬಹುದು. ಸಂದೇಶ ಬರುವುದಕ್ಕೂ ಮೊದಲೇ ಯಂತ್ರ ತೆವಳತೊಡಗುವುದು ಇದರಿಂದ.

ಇನ್ನು ಸಂದೇಶದ ಮೂಲಕ್ಕೆ ಬರೋಣ. ಅನುದಾನದ ಲಭ್ಯತೆಯನ್ನು ಮೀರಿ ಕ್ರಿಯಾ ಯೋಜನೆಯನ್ನು ಅನುಮೋದಿಸಲಾಗದು ಎಂಬುದು ಸದಸ್ಯರಿಗೆ ಸುಪರಿಚಿತ. ವಿಂಡೋಸ್ ಪಾಲಿಸುವ ನಿಯಮವೂ ಇದೇ. ಪ್ರತಿಯೊಂದು ಪ್ರೋಗ್ರಾಂ ತನಗಿಷ್ಟು ಸ್ಮೃತಿ ಬೇಕೆಂದು ಕೇಳುತ್ತದೆ, ವಿಂಡೋಸ್ ಅಷ್ಟನ್ನು ಕಾಯ್ದಿರಿಸುತ್ತದೆ. ರ‍್ಯಾಮ್ ಮತ್ತು ಪೇಜ್ ಫೈಲ್ ಕೂಡಿಸಿದರೆ ಬರುವ ಮೊತ್ತವೇ ಒಟ್ಟು ಅನುದಾನ. ಕಾಯ್ದಿರಿಸಿದ ಮೊತ್ತ ಅದರ ಸಮೀಪಕ್ಕೆ ಬಂದಾಗ ಎಚ್ಚರಿಕೆ ಹೊರಡುತ್ತದೆ. ಮಂಜೂರಾದ ಕಾಮಗಾರಿಯ ಹಣ ಇನ್ನೂ ಖರ್ಚಾಗದಿದ್ದರೂ ಅದನ್ನು ಬೇರೆಯದಕ್ಕೆ ಕೊಡಲಾಗದಷ್ಟೆ. ಹಾಗೆಯೇ ರ‍್ಯಾಮ್‌ನಲ್ಲಿ ಜಾಗ ಖಾಲಿ ಕಾಣುತ್ತಿದ್ದರೂ ಈ ಸಂದೇಶ ಬರಬಹುದು. ಅನೇಕರನ್ನು ಗೊಂದಲಕ್ಕೆ ಕೆಡಹುವ ಅಂಶ ಇದೇ.

ಸಂದೇಶ ಬಂದಾಗ ಮೊದಲು ಮಾಡುತ್ತಿರುವ ಕೆಲಸವನ್ನು ಉಳಿಸಬೇಕು, ಉಳಿದದ್ದೆಲ್ಲ ಆಮೇಲೆ. ನಂತರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’, ಅದರೊಳಗೆ ‘ಮೆಮೊರಿ’ ಆರಿಸಿದಲ್ಲಿ ಕೆಳಭಾಗದಲ್ಲಿ ‘ಕಮಿಟೆಡ್’ ಎಂಬ ಪದದಡಿ ಎರಡು ಅಂಕಿಗಳು ಕಾಣುತ್ತವೆ. ಉದಾಹರಣೆಗೆ 7.4/7.9 ಜಿಬಿ. ಮೊದಲನೆಯದು ಕಾಯ್ದಿರಿಸಿದ್ದು, ಎರಡನೆಯದು ಮಿತಿ. ಈ ಅಂಕಿಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯ ಅಂಕಿಯು ರ‍್ಯಾಮ್‌ನ ಗಾತ್ರಕ್ಕಿಂತ ಹೆಚ್ಚೇನೂ ಇಲ್ಲವೆಂದಾದರೆ ದೋಷವಿರುವುದು ಪೇಜ್ ಫೈಲ್‌ನಲ್ಲಿ. ಯಾರೋ ಅದನ್ನು ರದ್ದುಪಡಿಸಿರಬಹುದು, ಅಥವಾ ಸಿ ಡ್ರೈವ್ ಭರ್ತಿಯಾಗಿ ಅದು ಬೆಳೆಯಲು ಸ್ಥಳವಿಲ್ಲದಿರಬಹುದು. ನನ್ನ ಅನುಭವದಲ್ಲಿ ಮನೆಯ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಕಾರಣ ಈ ಎರಡನೆಯದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಈ ಮೂರೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿಯೇ ಇರುತ್ತವೆ. ವಾಟ್ಸ್‌ಆಪ್ ವೆಬ್‌ನಿಂದ ಇಳಿಸಿಕೊಂಡ ವಿಡಿಯೊಗಳು ಡೌನ್‌ಲೋಡ್ಸ್‌ನಲ್ಲಿ ವರ್ಷಗಟ್ಟಲೆ ಉಳಿದಿರುತ್ತವೆ. ಅಳಿಸಿದ ಮೇಲೂ ರಿಸೈಕಲ್ ಬಿನ್ ಖಾಲಿ ಮಾಡುವವರೆಗೆ ಸ್ಥಳ ಬಿಡುವಾಗುವುದಿಲ್ಲ. ಅವಶ್ಯವಾದವನ್ನು ಡಿ ಡ್ರೈವ್‌ಗೆ ಅಥವಾ ಹೊರಗಿನ ಡಿಸ್ಕಿಗೆ ವರ್ಗಾಯಿಸಿ, ಉಳಿದವನ್ನು ತೆಗೆದು, ಡಿಸ್ಕ್ ಕ್ಲೀನಪ್ ನಡೆಸಿದರೆ ಎಷ್ಟೋ ಯಂತ್ರಗಳು ಒಂದು ರೂಪಾಯಿಯ ವೆಚ್ಚವಿಲ್ಲದೆ ಸರಿಹೋಗುತ್ತವೆ.

ಪೇಜ್ ಫೈಲ್‌ನ ಗಾತ್ರ ನೋಡಲು ‘ದಿಸ್ ಪಿಸಿ’ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ಮೂಲಕ ‘ಅಡ್ವಾನ್ಸ್‌ಡ್ ಸಿಸ್ಟಂ ಸೆಟ್ಟಿಂಗ್ಸ್’ಗೆ ಹೋಗಬೇಕು. ಅಲ್ಲಿ ‘ಪರ್ಫಾರ್ಮೆನ್ಸ್’ ಶೀರ್ಷಿಕೆಯ ಸೆಟ್ಟಿಂಗ್ಸ್ ತೆರೆದು, ಮತ್ತೆ ‘ಅಡ್ವಾನ್ಸ್‌ಡ್’ ಆರಿಸಿದರೆ ‘ವರ್ಚುವಲ್ ಮೆಮೊರಿ’ ದೊರೆಯುತ್ತದೆ. ಅದರ ‘ಚೇಂಜ್’ ಗುಂಡಿ ಒತ್ತಿದಾಗ ಮೇಲ್ಭಾಗದಲ್ಲಿ ಕಾಣುವ ‘ಆಟೋಮ್ಯಾಟಿಕಲಿ ಮ್ಯಾನೇಜ್’ ಚೌಕದಲ್ಲಿ ಗುರುತು ಇರಲಿ. ಗಾತ್ರವನ್ನು ತಾವೇ ನಿಗದಿಪಡಿಸುವುದಾದರೆ ಅದನ್ನು ಎಂಬಿಯಲ್ಲಿ ಬರೆಯಬೇಕು. 4096 ಎಂದರೆ 4 ಜಿಬಿ. ‘ನೋ ಪೇಜಿಂಗ್ ಫೈಲ್’ ಆರಿಸಿದರೆ ಯಂತ್ರ ಚುರುಕಾಗುತ್ತದೆ ಎಂಬ ಸಲಹೆ ಎಲ್ಲೆಡೆ ಹರಿದಾಡುತ್ತಿದೆ. ಕಪಾಟನ್ನು ಕಿತ್ತುಹಾಕಿದರೆ ಮೇಜು ದೊಡ್ಡದಾಗುವುದಿಲ್ಲ. ಈ ಸಲಹೆ ಪಾಲಿಸಬಾರದು. ‘ಮೆಮೊರಿ ಬೂಸ್ಟರ್’ ಎಂಬ ಉಚಿತ ಪ್ರೋಗ್ರಾಂಗಳೂ ಮೇಜಿನ ಕಡತಗಳನ್ನು ಕಪಾಟಿಗೆ ತಳ್ಳಿ ಮೇಜು ಖಾಲಿಯಾಯಿತೆಂದು ತೋರಿಸುತ್ತವೆ, ಅಷ್ಟೆ. ಕಾಯ್ದಿರಿಸಿದ ಮೊತ್ತ ಅವುಗಳಿಂದ ಇಳಿಯದು.

ಮಿತಿ ಸಾಕಷ್ಟಿದ್ದು ಮೊದಲ ಅಂಕಿಯೇ ಏರುತ್ತಿದ್ದರೆ ‘ಪ್ರೊಸೆಸಸ್’ ವಿಭಾಗದಲ್ಲಿ ‘ಮೆಮೊರಿ’ ಶೀರ್ಷಿಕೆಯನ್ನು ಒತ್ತಬೇಕು. ಹೆಚ್ಚು ಬಳಸುವ ಪ್ರೋಗ್ರಾಂ ಮೇಲೆ ಬರುತ್ತದೆ. ಹೆಚ್ಚಿನ ಸಲ ಅದು ಬ್ರೌಸರ್, ಅದರಲ್ಲಿಯೂ ಹತ್ತಿಪ್ಪತ್ತು ಟ್ಯಾಬ್‌ಗಳನ್ನು ತೆರೆದಿಟ್ಟಿರುವ ಬ್ರೌಸರ್. ಆದರೆ ಯಾವ ಹೊಸ ಕೆಲಸವನ್ನೂ ನೀಡದಿದ್ದರೂ ಒಂದೇ ಪ್ರೋಗ್ರಾಂನ ಅಂಕಿ ಗಂಟೆಗಂಟೆಗೂ ಏರುತ್ತಿದ್ದಲ್ಲಿ ಅದು ಸೋರಿಕೆ. ಪಡೆದ ಸ್ಮೃತಿಯನ್ನು ಅದು ಹಿಂದಿರುಗಿಸುತ್ತಿಲ್ಲ. ಮುಚ್ಚಿ ತೆರೆದರೆ ತಾತ್ಕಾಲಿಕ ಪರಿಹಾರ, ಹೊಸ ಆವೃತ್ತಿ ಅಳವಡಿಸಿದರೆ ಬಹುಶಃ ಶಾಶ್ವತ. ಎರಡೆರಡು ಆ್ಯಂಟಿವೈರಸ್‌ಗಳು ಒಟ್ಟಿಗೆ ಇದ್ದರೆ ಒಂದನ್ನು ತೆಗೆಯಬೇಕು. ಯಂತ್ರವನ್ನು ‘ಶಟ್‌ಡೌನ್’ ಮಾಡುವುದಕ್ಕಿಂತ ‘ರೀಸ್ಟಾರ್ಟ್’ ಮಾಡುವುದು ಇಲ್ಲಿ ಹೆಚ್ಚು ಉಪಯುಕ್ತ: ವಿಂಡೋಸ್ 10 ಮತ್ತು 11ರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ಒಂದು ಭಾಗ ಹಾಗೆಯೇ ಉಳಿದು ಮರಳಿ ಬರುತ್ತದೆ.

ಇಷ್ಟಾದರೂ ನಿತ್ಯದ ಕೆಲಸದಲ್ಲೇ ಕಾಯ್ದಿರಿಸಿದ ಮೊತ್ತ ರ‍್ಯಾಮ್‌ಗಿಂತ ಬಹಳ ಹೆಚ್ಚಿದ್ದರೆ ಆಗ ಮಾತ್ರ ಹಣ ವ್ಯಯಿಸುವ ಪ್ರಶ್ನೆ. ಆಗಲೂ ಇಡೀ ಯಂತ್ರದ ಬದಲು ರ‍್ಯಾಮ್ ಹೆಚ್ಚಿಸಿದರೆ ಸಾಕಾಗಬಹುದು. ಡಿಡಿಆರ್3 ಪಟ್ಟಿಯು ಡಿಡಿಆರ್4 ಸ್ಥಾನದಲ್ಲಿ ಕೂರುವುದಿಲ್ಲ. ಲ್ಯಾಪ್‌ಟಾಪ್‌ನ ಪಟ್ಟಿಯ ಅಳತೆಯೇ ಬೇರೆ. ಯಂತ್ರದಲ್ಲಿರುವುದು 32 ಬಿಟ್ ವಿಂಡೋಸ್ ಆಗಿದ್ದಲ್ಲಿ 4 ಜಿಬಿಗಿಂತ ಹೆಚ್ಚಿನ ರ‍್ಯಾಮ್ ಹಾಕಿಸುವುದು ವ್ಯರ್ಥ, ಏಕೆಂದರೆ ಅದು ಆ ಹೆಚ್ಚಿನ ಭಾಗವನ್ನು ಬಳಸಲಾರದು. ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದಲ್ಲಿ ‘ಸಿಸ್ಟಂ ಟೈಪ್’ ಎಂಬಲ್ಲಿ ಇದನ್ನು ತಿಳಿಯಬಹುದು. ಫಾರ್ಮ್ಯಾಟ್ ಅನಿವಾರ್ಯವೆಂದು ಯಾರಾದರೂ ಹೇಳಿದರೆ, ಕಡತಗಳ ಪ್ರತಿಯನ್ನು ತಮ್ಮ ಕೈಗೆ ಪಡೆದು ತೆರೆದು ನೋಡಿದ ನಂತರವೇ ಒಪ್ಪಿಗೆ ನೀಡತಕ್ಕದ್ದು.

ಪಂಚಾಯಿತಿ ಕಾರ್ಯಾಲಯದ ಯಂತ್ರಗಳಿಗೂ ಇವೇ ಕ್ರಮಗಳು ಅನ್ವಯಿಸುತ್ತವೆ. ಇ-ಸ್ವತ್ತು ನಮೂನೆಗಾಗಿ ಜನ ಕಾದು ನಿಂತಿರುವಾಗ ಯಂತ್ರ ಸ್ಥಗಿತಗೊಂಡರೆ ಆ ದಿನದ ಕೂಲಿ ಕಳೆದುಕೊಳ್ಳುವವರು ಅವರೇ. ಹೊಸ ಗಣಕಯಂತ್ರ ಖರೀದಿಯ ವಿಷಯ ಸಾಮಾನ್ಯ ಸಭೆಗೆ ಬಂದಾಗ ‘ಕಮಿಟೆಡ್’ ಅಂಕಿಗಳೆಷ್ಟು, ಸಿ ಡ್ರೈವ್‌ನಲ್ಲಿ ಉಳಿದಿರುವ ಸ್ಥಳವೆಷ್ಟು, ರ‍್ಯಾಮ್ ಹೆಚ್ಚಿಸಲು ಸಾಧ್ಯವಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಸದಸ್ಯರು ಕೇಳಬಹುದು. ದುರಸ್ತಿಗೆ ಹೊರಗಿನವರು ಬಂದಾಗ ಡಿಜಿಟಲ್ ಸಹಿಯ ಡಾಂಗಲ್ ಯಂತ್ರದಲ್ಲಿ ಇರಕೂಡದು. ಹೊಸದಾಗಿ ಅಳವಡಿಸಿದ ರ‍್ಯಾಮ್ ಪಟ್ಟಿಯನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ, ತೆಗೆದ ಹಳೆಯ ಪಟ್ಟಿಯನ್ನು ಅಂಗಡಿಯವರಿಂದ ಮರಳಿ ಪಡೆಯಬೇಕು.