ಗಂಡಸಿನ ದೌರ್ಬಲ್ಯವೇ ಬೇರೆ, ಬಂಜೆತನವೇ ಬೇರೆ

ಮದುವೆಯಾಗಿ ಎರಡು ವರ್ಷವಾಗುತ್ತಿದ್ದಂತೆ ಮನೆಯಲ್ಲಿ ಪ್ರಶ್ನೆ ಶುರುವಾಗುತ್ತದೆ. ಮೊದಲು ಸೊಸೆಯನ್ನು ಬಸವಕಲ್ಯಾಣದಲ್ಲೋ ಹುಮನಾಬಾದಿನಲ್ಲೋ ಲೇಡಿ ಡಾಕ್ಟರ ಬಳಿ ಕರೆದೊಯ್ಯುತ್ತಾರೆ. ಆಮೇಲೆ ಕಲಬುರಗಿ, ಅದಾದ ಮೇಲೆ ಸೋಲಾಪುರ ಇಲ್ಲವೆ ಹೈದರಾಬಾದ್. ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ತಿಂಗಳುಗಟ್ಟಲೆ ಮಾತ್ರೆ, ನಡುವೆ ಒಂದೆರಡು ತಾವೀಜ್. ಮಗನಿಗೂ ಒಂದು ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳಿದರೆ ಮಾತ್ರ ಅತ್ತೆಯ ಮುಖ ಕೆಂಪಾಗುತ್ತದೆ. "ನನ್ನ ಮಗ ಏನು ನಾಮರ್ದಾ?"

ಈ ಒಂದು ಮಾತಿನಲ್ಲಿ ಎರಡು ಬೇರೆ ತೊಂದರೆಗಳು ಕಲಸಿಹೋಗಿವೆ. ಅವನ್ನು ಬಿಡಿಸಿ ನೋಡೋಣ.

ದಾಂಪತ್ಯಕ್ಕೆ ಬೇಕಾದಷ್ಟು ನಿಮಿರುವಿಕೆ ಬಾರದಿರುವುದು, ಅಥವಾ ಬಂದರೂ ನಿಲ್ಲದಿರುವುದು ದೌರ್ಬಲ್ಯ. ಇದನ್ನೇ ನಪುಂಸಕತ್ವ ಎನ್ನುತ್ತಾರೆ. ಒಂದೆರಡು ದಿನ ಆಯಾಸದಿಂದ ಹೀಗಾದರೆ ಅದು ಕಾಯಿಲೆಯಲ್ಲ. ತಿಂಗಳುಗಟ್ಟಲೆ ಮುಂದುವರಿದರೆ ವೈದ್ಯರ ಬಳಿ ಹೋಗಬೇಕು. ಬಂಜೆತನ ಎಂದರೆ ದಾಂಪತ್ಯ ಸರಿಯಾಗಿಯೇ ನಡೆದಿದ್ದು, ಯಾವ ತಡೆಯನ್ನೂ ಬಳಸದೆ ಒಂದು ವರ್ಷ ಕಳೆದರೂ ಗರ್ಭ ನಿಲ್ಲದಿರುವುದು. ಪತ್ನಿಗೆ 35 ದಾಟಿದ್ದರೆ ಆರು ತಿಂಗಳಿಗೇ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಇನ್ನೂ ಅನುಮಾನವೇ? ನಸಬಂದಿ ಮಾಡಿಸಿಕೊಂಡವರನ್ನು ನೆನೆಸಿಕೊಳ್ಳಿ. ಅವರ ಶಕ್ತಿ ಹಿಂದಿನಂತೆಯೇ ಇರುತ್ತದೆ, ವೀರ್ಯವೂ ನೋಡಲು ಹಾಗೇ ಇರುತ್ತದೆ. ಆದರೆ ಅದರಲ್ಲಿ ವೀರ್ಯಾಣುಗಳಿರುವುದಿಲ್ಲ. ವೀರ್ಯದ ಬಹುಪಾಲು ಬೇರೆ ಗ್ರಂಥಿಗಳಿಂದ ಬರುವ ದ್ರವ. ವೀರ್ಯಾಣುಗಳ ಪಾಲು ತೀರಾ ಕಡಿಮೆ. ಹಾಗಾಗಿ ಅದು ಗಟ್ಟಿಯೋ ತೆಳುವೋ ಎಂದು ಕಣ್ಣಿನಿಂದ ನೋಡಿ ಯಾರೂ ತೀರ್ಪು ಕೊಡಲಾಗದು. ಗಟ್ಟಿಮುಟ್ಟಾದ ಆಳಿನ ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದಿರಬಹುದು. ದೌರ್ಬಲ್ಯವಿರುವವನ ವೀರ್ಯಾಣು ಪೂರ್ಣ ಆರೋಗ್ಯವಾಗಿರಬಹುದು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ಪಾಲೂ ಇರುತ್ತದೆ. ಸೊಸೆಯನ್ನು ಊರೂರು ತಿರುಗಿಸುವ ಮೊದಲು ಮಗನ ವೀರ್ಯ ಪರೀಕ್ಷೆ ಆಗಬೇಕು. ಇದಕ್ಕಿಂತ ಅಗ್ಗದ, ನೋವಿಲ್ಲದ ಪರೀಕ್ಷೆ ಇಡೀ ಚಿಕಿತ್ಸೆಯಲ್ಲೇ ಇಲ್ಲ.

ಪರೀಕ್ಷೆಗೆ ಮುಂಚೆ ಎರಡರಿಂದ ಏಳು ದಿನ ದಾಂಪತ್ಯದಿಂದ ದೂರವಿರಬೇಕು. ಮಾದರಿ ಒಂದು ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು, ಮೈಶಾಖದಲ್ಲೇ ಇರಬೇಕು. ಬಸವಕಲ್ಯಾಣದ ಮನೆಯಲ್ಲಿ ತೆಗೆದು ಬಸ್ಸು ಹತ್ತಿ ಬೀದರಿಗೆ ಒಯ್ದರೆ ದಾರಿಯಲ್ಲೇ ಅದು ಕೆಟ್ಟಿರುತ್ತದೆ. ಪ್ರಯೋಗಾಲಯದಲ್ಲೇ ಕೊಡುವುದು ಲೇಸು. ಸಂಕೋಚವಿದ್ದರೆ ಪತ್ನಿ ಜೊತೆಗಿರಲು ಖಾಸಗಿ ಕೋಣೆ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಸಾಮಾನ್ಯ ನಿರೋಧ್‌ನಲ್ಲಿ ಸಂಗ್ರಹಿಸಬೇಡಿ, ಅದು ವೀರ್ಯಾಣುಗಳಿಗೆ ಹಾನಿ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು ಇರುವುದು ಕೆಳಗಿನ ಮಿತಿ. ಅದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಮಕ್ಕಳಾಗುವುದೇ ಇಲ್ಲ ಎಂದಲ್ಲ. ಜ್ವರ ಬಂದು ಹೋದರೂ ಲೆಕ್ಕ ಇಳಿಯುತ್ತದೆ. ಆದ್ದರಿಂದ ಒಂದೇ ವರದಿ ಹಿಡಿದು ಮನೆಯಲ್ಲಿ ಮಾತಮ್ ಬೇಡ, ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿ.

ಕಾರಣಗಳೂ ಬೇರೆ ಬೇರೆ. ವೀರ್ಯಾಣುಗಳಿಗೆ ತಂಪು ಬೇಕು. ಅದಕ್ಕೇ ವೃಷಣಗಳು ದೇಹದ ಹೊರಗಿರುವುದು. ಹೆದ್ದಾರಿಯಲ್ಲಿ ದಿನವಿಡೀ ಲಾರಿಯ ಬಿಸಿ ಸೀಟಿನ ಮೇಲೆ ಕೂರುವವರು, ಬಸವಕಲ್ಯಾಣದ ಆಟೋನಗರದಲ್ಲಿ ವೆಲ್ಡಿಂಗ್ ಮಾಡುವವರು, ಭಟ್ಟಿಯ ಮುಂದೆ ನಿಲ್ಲುವವರು ಇದನ್ನು ಗಮನದಲ್ಲಿಡಬೇಕು. ವೃಷಣದ ನರಗಳು ಉಬ್ಬಿಕೊಳ್ಳುವ ವೇರಿಕೋಸಿಲ್, ದೊಡ್ಡವರಾದ ಮೇಲೆ ಬಂದ ಮಂಗನಬಾವು, ನಾಳದ ಅಡಚಣೆ, ಬೀಡಿ, ಸಿಗರೇಟು, ಗುಟ್ಕಾ ಇವೂ ಪಟ್ಟಿಯಲ್ಲಿವೆ. ಜಿಮ್ಮಿಗೆ ಹೋಗುವ ಹುಡುಗರಿಗೆ ಒಂದು ಮಾತು: ಮೈ ಕಟ್ಟಲೆಂದು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟಿರಾನ್ "ಗಂಡಸುತನದ" ಇಂಜೆಕ್ಷನ್ ಎಂದೇ ಹೆಸರಾಗಿದ್ದರೂ ವೀರ್ಯಾಣು ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ.

ದೌರ್ಬಲ್ಯದ ಹಿಂದೆ ಹೆಚ್ಚಾಗಿ ಇರುವುದು ಸಕ್ಕರೆ ಕಾಯಿಲೆ, ಬಿಪಿ, ತಂಬಾಕು, ಕೆಲವು ಮಾತ್ರೆಗಳು, ಇಲ್ಲವೆ ಮನಸ್ಸಿನ ಭಯ. ಬೆಳಗಿನ ಜಾವ ನಿಮಿರುವಿಕೆ ಸಹಜವಾಗಿದ್ದು ಪತ್ನಿಯ ಬಳಿ ಮಾತ್ರ ಆಗದಿದ್ದರೆ ಬಹುಮಟ್ಟಿಗೆ ಅದು ಭಯವೇ. ಹೊಸ ಮದುಮಗನಲ್ಲಿ ಇದು ತೀರಾ ಸಾಮಾನ್ಯ, ಮನೆಯವರು ಬಾಗಿಲ ಹೊರಗೆ ಕಿವಿಗೊಟ್ಟು ನಿಲ್ಲದಿದ್ದರೆ ತಾನಾಗಿಯೇ ಸರಿಹೋಗುತ್ತದೆ. ನಲವತ್ತು ದಾಟಿದವರಲ್ಲಿ ಹೊಸದಾಗಿ ಕಾಣಿಸಿಕೊಂಡರೆ ಹಗುರಾಗಿ ನೋಡಬೇಡಿ. ಆ ಭಾಗದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು, ಕಟ್ಟಿಕೊಳ್ಳುವುದು ಅಲ್ಲೇ ಮೊದಲು. ಹೃದಯದ ಕಾಯಿಲೆ ಕೆಲವು ವರ್ಷ ಮೊದಲೇ ಹೀಗೆ ಸುಳಿವು ಕೊಡುವುದುಂಟು. ಸಕ್ಕರೆ, ಬಿಪಿ, ಕೊಲೆಸ್ಟರಾಲ್ ನೋಡಿಸಿ.

ಬಸ್ ನಿಲ್ದಾಣದ ಗೋಡೆಗಳ ಮೇಲೆ "ಗುಪ್ತರೋಗ, ಗ್ಯಾರಂಟಿ ಇಲಾಜ್" ಎಂದು ಬರೆದಿರುವುದನ್ನು ನೀವೂ ನೋಡಿರುತ್ತೀರಿ. ನಪುಂಸಕತ್ವ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದೇ 1954ರ ಮಾಯಾ ಔಷಧಿಗಳ ಕಾಯ್ದೆಯ ಪ್ರಕಾರ ಅಪರಾಧ. ಇಂಥ ಪುಡಿಗಳಲ್ಲಿ ಸಿಲ್ಡೆನಾಫಿಲ್ ಮಾತ್ರೆಯನ್ನು ಅರೆದು ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ತಿಂದರೆ ಬಿಪಿ ಕುಸಿದು ಪ್ರಾಣಕ್ಕೇ ಅಪಾಯ. ಮಕ್ಕಳಾಗದಿರುವುದಕ್ಕಂತೂ ಆ ಪುಡಿಯಿಂದ ಕಾಸಿನ ಪ್ರಯೋಜನವಿಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ, ವಾರದಲ್ಲಿ ಫಲ ಎನ್ನುವವನು ಸುಳ್ಳು ಹೇಳುತ್ತಿದ್ದಾನೆ.

ಕಾನೂನೂ ಈ ಎರಡನ್ನು ಬೇರೆಯಾಗಿಯೇ ಕಾಣುತ್ತದೆ. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯಲ್ಲಿ, ಗಂಡ ಮದುವೆಯ ವೇಳೆಗೇ ನಪುಂಸಕನಾಗಿದ್ದು ಈಗಲೂ ಹಾಗೇ ಇದ್ದರೆ ಪತ್ನಿ ಬಿಡುಗಡೆ ಕೇಳಬಹುದು. ಗಂಡ ಅರ್ಜಿ ಹಾಕಿದರೆ ಗುಣವಾಗಿ ತೋರಿಸಲು ನ್ಯಾಯಾಲಯ ಅವನಿಗೆ ಒಂದು ವರ್ಷ ಕೊಡುತ್ತದೆ. ಫಿಕ್‌ಹ್‌ನಲ್ಲಿಯೂ ಒಂದು ವರ್ಷದ ಅವಧಿಯೇ ಇರುವುದು. ಅಂದರೆ ಇದು ಗುಣವಾಗಬಹುದಾದ ಕಾಯಿಲೆ ಎಂದು ನಮ್ಮ ಹಿರಿಯರೂ ಬಲ್ಲರು. ಆ ಕಾಯ್ದೆಯ ಕಾರಣಗಳ ಪಟ್ಟಿಯಲ್ಲಿ ಬಂಜೆತನ ಇಲ್ಲ. ಹುಡುಗನ ದೌರ್ಬಲ್ಯ ಗೊತ್ತಿದ್ದೂ ಮುಚ್ಚಿಟ್ಟು ನಿಕಾಹ್ ಮಾಡಿಸಿ, ಆಮೇಲೆ ಹುಡುಗಿಯನ್ನೇ ಬಾಂಝ್ ಎಂದು ಕರೆಯುವುದು ಎಂಥ ಅನ್ಯಾಯ ಎಂದು ಬೇರೆ ಹೇಳಬೇಕಿಲ್ಲ.

ಮೊದಲು ನಿಮ್ಮ ತಾಲೂಕು ಆಸ್ಪತ್ರೆಯ ವೈದ್ಯರನ್ನೇ ಕಾಣಿ. ಅಲ್ಲಿಂದ ಬೀದರಿನ ಬ್ರಿಮ್ಸ್ ಅಥವಾ ಕಲಬುರಗಿಗೆ ಚೀಟಿ ಬರೆಸಿಕೊಳ್ಳಬಹುದು. ಐವಿಎಫ್ ಮಾತು ಬಂದರೆ ಆ ಕೇಂದ್ರ 2021ರ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಿ. ಪತಿಪತ್ನಿಯರದೇ ವೀರ್ಯ, ಅಂಡ ಬಳಸಬೇಕೆಂದು ಬರಹದಲ್ಲಿ ಕೊಡಿ. ಹೋಗುವಾಗ ಇಬ್ಬರೂ ಜೊತೆಯಾಗಿ ಹೋಗಿ, ಹಳೆಯ ವರದಿಗಳನ್ನೂ ಗಂಡ ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ಕೈಚೀಲದಲ್ಲಿಟ್ಟುಕೊಳ್ಳಿ.