ದೇಹದೊಳಗಿನ ಯಂತ್ರ ಮತ್ತು ಸ್ವಾವಲಂಬನೆ

ಸ್ವಾವಲಂಬನೆ ಎಂಬ ಪದದಲ್ಲಿ ‘ಸ್ವ’ ಮತ್ತು ‘ಅವಲಂಬನೆ’ ಎಂಬ ಎರಡು ಘಟಕಗಳಿವೆ. ಪದವು ಅವಲಂಬನೆಯನ್ನು ನಿರಾಕರಿಸುವುದಿಲ್ಲ. ಅದು ತನ್ನ ಮೇಲೆಯೇ ಇರಬೇಕೆನ್ನುತ್ತದೆ, ಅಷ್ಟೆ. ಊರುಗೋಲು, ಕನ್ನಡಕಗಳು ದೇಹದ ಹೊರಗಿನ ಆಸರೆಗಳಾದುದರಿಂದ ಅವನ್ನು ‘ಪರ’ವೆಂದು ಗುರುತಿಸುವುದು ಸುಲಭ. ಆಸರೆಯೇ ದೇಹದೊಳಗೆ ನೆಲೆಸಿದಾಗ ಅದನ್ನು ಯಾವ ಪಕ್ಷಕ್ಕೆ ಸೇರಿಸಬೇಕು? ಶಸ್ತ್ರಚಿಕಿತ್ಸೆಯ ಮೂಲಕ ದೇಹದಲ್ಲಿ ಅಳವಡಿಸುವ ಉಪಕರಣಗಳು ಮನುಷ್ಯನನ್ನು ಸ್ವಾವಲಂಬಿಯಾಗಿಸುತ್ತವೆಯೋ ಪರಾವಲಂಬಿಯಾಗಿಸುತ್ತವೆಯೋ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ನಾಡಿನ ನಿದರ್ಶನವೊಂದರಿಂದ ಆರಂಭಿಸಬಹುದು. ಡಾ. ಎಂ. ಸಿ. ಮೋದಿಯವರು (1916–2005) ಊರೂರುಗಳಲ್ಲಿ ಉಚಿತ ಶಿಬಿರಗಳನ್ನು ನಡೆಸಿ ಅಸಂಖ್ಯ ಬಡವರ ಕಣ್ಣಿನ ಪೊರೆ ತೆಗೆದರು. ಆ ಕಾಲದ ಪದ್ಧತಿಯಲ್ಲಿ, ಪೊರೆಗಟ್ಟಿದ ಮಸೂರವನ್ನು ತೆಗೆದ ಬಳಿಕ ದಪ್ಪ ಗಾಜಿನ ಕನ್ನಡಕ ಅನಿವಾರ್ಯವಾಗಿತ್ತು. ಅದು ಒಡೆದರೆ ಪಡೆದ ದೃಷ್ಟಿಯೂ ಮಸುಕಾಗುತ್ತಿತ್ತು. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಕಣ್ಣಿನೊಳಗೇ ಕೃತಕ ಮಸೂರವನ್ನಿರಿಸಿ ಹೊಸ ದಾರಿ ತೆರೆದರು. ದುಬಾರಿಯಾಗಿದ್ದ ಈ ಮಸೂರವನ್ನು ಮಧುರೆಯ ಅರೊಲ್ಯಾಬ್ ಸಂಸ್ಥೆ 1992ರಿಂದ ಕಡಿಮೆ ಬೆಲೆಗೆ ತಯಾರಿಸತೊಡಗಿದ ಮೇಲೆ ಅದು ಬಡವರಿಗೂ ಎಟುಕಿತು. ಸಾಮಾನ್ಯವಾಗಿ ಜೀವಮಾನವಿಡೀ ಬಾಳುವ ಈ ಮಸೂರವನ್ನು ಧರಿಸಿದವರು ಮರೆತೇಬಿಡುತ್ತಾರೆ. ಇಲ್ಲಿ ‘ಪರ’ವು ‘ಸ್ವ’ವಾಗಿದೆ.

ಹೃದಯದ ಪೇಸ್‌ಮೇಕರ್‌ನ ಸಂಗತಿ ಇಷ್ಟು ಸರಳವಲ್ಲ. ಹೃದಯವನ್ನು ಬಡಿಯಿಸುವ ಸಹಜ ವಿದ್ಯುತ್ ಸಂಕೇತ ಕುಂಠಿತವಾದಾಗ, ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ಇರಿಸಿದ ಪುಟ್ಟ ಯಂತ್ರವೊಂದು ತಂತಿಯ ಮೂಲಕ ಆ ಸಂಕೇತವನ್ನು ಕಳುಹಿಸುತ್ತದೆ. ಇಂತಹ ಯಂತ್ರವನ್ನು ಮೊದಲು ದೇಹದೊಳಗೆ ಪಡೆದವರು ಸ್ವೀಡನ್ನಿನ ಆರ್ನೆ ಲಾರ್ಸನ್. 1958ರ ಅಕ್ಟೋಬರ್ 8ರಂದು ಅಳವಡಿಸಿದ ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಅನಂತರ ಯಂತ್ರಗಳನ್ನು ಮತ್ತೆ ಮತ್ತೆ ಬದಲಾಯಿಸಿಕೊಳ್ಳುತ್ತ ಅವರು 2001ರವರೆಗೆ, ಯಂತ್ರವನ್ನು ರೂಪಿಸಿದ ಎಲ್ಮ್‌ಕ್ವಿಸ್ಟ್ ಮತ್ತು ಅಳವಡಿಸಿದ ಸೆನ್ನಿಂಗ್ ಇಬ್ಬರಿಗಿಂತಲೂ ಹೆಚ್ಚು ಕಾಲ, ಬದುಕಿದರು. ಆಯುಷ್ಯ ದೊರೆಯಿತು, ಆಸ್ಪತ್ರೆಯ ನಂಟು ಮಾತ್ರ ಬಿಡಲಿಲ್ಲ. ಇಂದಿನ ಯಂತ್ರದ ಬ್ಯಾಟರಿ ಸುಮಾರು 10 ವರ್ಷ ಬಾಳಿದರೂ ಕಾಲಕಾಲಕ್ಕೆ ತಪಾಸಣೆ ತಪ್ಪದು. ಮೊಬೈಲನ್ನು ಅದರಿಂದ 15 ಸೆಂಟಿಮೀಟರಿನಷ್ಟಾದರೂ ದೂರವಿಡಬೇಕು. ಚಿತೆಯ ಶಾಖಕ್ಕೆ ಬ್ಯಾಟರಿ ಸಿಡಿಯುವುದರಿಂದ ದಹನಕ್ಕೆ ಮುನ್ನ ಯಂತ್ರವನ್ನು ತೆಗೆಸಬೇಕು. ದೇಹದೊಳಗೆ ಎಷ್ಟು ಕಾಲವಿದ್ದರೂ ಕೊನೆಯಲ್ಲಿ ಅದು ‘ಪರ’ವೆಂದೇ ಬೇರ್ಪಡುತ್ತದೆ.

ಹಾಗೆ ಬೇರ್ಪಟ್ಟ ಯಂತ್ರ ವ್ಯರ್ಥವಾಗಬೇಕಾಗಿಲ್ಲವೆಂಬುದಕ್ಕೆ ಮುಂಬಯಿಯಲ್ಲೇ ನಿದರ್ಶನವಿದೆ. ಅಮೆರಿಕದಲ್ಲಿ ಮೃತರ ದೇಹದಿಂದ ತೆಗೆದು, ಅಲ್ಲಿನ ಅಂತ್ಯಸಂಸ್ಕಾರ ಗೃಹಗಳು ದಾನವಿತ್ತ ಪೇಸ್‌ಮೇಕರ್‌ಗಳನ್ನು ಶುದ್ಧೀಕರಿಸಿ ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ 53 ಬಡ ರೋಗಿಗಳಿಗೆ ಅಳವಡಿಸಲಾಯಿತು. ಯಂತ್ರದಿಂದ ಗಂಭೀರ ತೊಂದರೆಗಳು ತಲೆದೋರಲಿಲ್ಲವೆಂದೂ ಕೆಲವರು ಕೂಲಿಗೆ, ಮನೆಗೆಲಸಕ್ಕೆ ಮರಳಿದರೆಂದೂ 2012ರಲ್ಲಿ ಪ್ರಕಟವಾದ ವೈದ್ಯರ ವರದಿ ತಿಳಿಸುತ್ತದೆ. ಕನ್ನಡ ವಿದ್ಯಾರ್ಥಿಗಳಿಗೆ ಇಲ್ಲಿ ಶರಣರ ಎರಡು ಪರಿಕಲ್ಪನೆಗಳು ನೆನಪಾಗುವುದು ಸಹಜ. ಕಾಯಕವು ಕಾಯವನ್ನು ನಂಬಿದ ದುಡಿಮೆ. ದಾಸೋಹವು ಪರರಿಗಾಗಿ ಸಲ್ಲಿಸುವುದು. ಶರಣರು ಇವೆರಡನ್ನೂ ಬೇರ್ಪಡಿಸಲಿಲ್ಲ. ಅಪರಿಚಿತರೊಬ್ಬರ ದಾನ ಇನ್ನೊಬ್ಬರ ಕಾಯಕಕ್ಕೆ ಬಲವಾದಾಗ, ಸ್ವಾವಲಂಬನೆಯು ಏಕಾಂಗಿತನವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಹಾಗಾದರೆ ಸ್ವಾವಲಂಬನೆಗೆ ನಿಜವಾದ ಧಕ್ಕೆ ಎಲ್ಲಿಂದ? ಯಂತ್ರದಿಂದಲ್ಲ, ಅದರ ಕುರಿತಾದ ಅಜ್ಞಾನದಿಂದ. ಠಾಣೆಯ ನೌಪಾಡಾದಂತಹ ಹಳೆಯ ಬಡಾವಣೆಗಳಲ್ಲಿ ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದು ನೆಲೆಸಿದ ಕನ್ನಡ ಕುಟುಂಬಗಳಿವೆ. ಮಕ್ಕಳು ಉದ್ಯೋಗನಿಮಿತ್ತ ದೂರ ಹೋದ ಮೇಲೆ ಹಿರಿಯರು ತಮ್ಮಷ್ಟಕ್ಕೆ ತಾವು ಬಾಳಬೇಕಾಗುತ್ತದೆ. ಪೇಸ್‌ಮೇಕರ್ ಪಡೆದ ಹಿರಿಯರೊಬ್ಬರು ಮಾಸುಂದಾ ಕೆರೆಯ ಸುತ್ತ ನಿರಾತಂಕವಾಗಿ ನಡೆದಾಡಬಲ್ಲರು. ಇದು ಯಂತ್ರದ ಕೊಡುಗೆ. ಆದರೆ ಜೊತೆಗಿರಿಸಿಕೊಳ್ಳಬೇಕಾದ ಗುರುತಿನ ಕಾರ್ಡು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಆಸ್ಪತ್ರೆಯ ಮಾತುಕತೆ ಮರಾಠಿಯಲ್ಲೋ ಹಿಂದಿಯಲ್ಲೋ ನಡೆಯುತ್ತದೆ. ಮುಂದಿನ ತಪಾಸಣೆ ಯಾವಾಗ, ಯಾವ ಲಕ್ಷಣ ಕಂಡರೆ ವೈದ್ಯರಲ್ಲಿಗೆ ಧಾವಿಸಬೇಕು, ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲೇನಿದೆ ಎಂಬುದನ್ನು ಅರಿಯದವರು ತಮ್ಮ ಎದೆಯೊಳಗಿನ ವಸ್ತುವಿನ ವಿಷಯದಲ್ಲೂ ಪರಾಧೀನರು.

ಹೊರನಾಡಿನ ಕನ್ನಡ ವಿಭಾಗಗಳ ಹೊಣೆ ಇಲ್ಲಿ ಎದುರಾಗುತ್ತದೆ. ವೈದ್ಯರ ನೆರವಿನಿಂದ ಇಂತಹ ಮಾಹಿತಿಯನ್ನು ಸರಳ ಕನ್ನಡದಲ್ಲಿ ಸಿದ್ಧಪಡಿಸುವುದು ಸಾಹಿತ್ಯಾಧ್ಯಯನಕ್ಕೆ ಹೊರತಾದ ಕೆಲಸವಲ್ಲ. ಅದಕ್ಕಾಗಿ ಕ್ಲಿಷ್ಟ ಸಂಸ್ಕೃತ ಪದಗಳನ್ನು ಟಂಕಿಸಬೇಕಾಗಿಯೂ ಇಲ್ಲ. ‘ಪೇಸ್‌ಮೇಕರ್’, ‘ಬ್ಯಾಟರಿ’ಗಳು ಜನರ ನಾಲಗೆಯ ಮೇಲಿನ ಮಾತುಗಳೇ ಆಗಿವೆ. ವೈದ್ಯರು ಯಂತ್ರವನ್ನು ದೇಹಕ್ಕೆ ಒಗ್ಗಿಸಬಲ್ಲರು. ಅದನ್ನು ತಿಳಿವಳಿಕೆಗೆ ಒಗ್ಗಿಸಬೇಕಾದುದು ಭಾಷೆ. ತಾನು ಯಾವುದನ್ನು ಅವಲಂಬಿಸಿದ್ದೇನೆಂದು ತನ್ನ ಮಾತಿನಲ್ಲೇ ಅರಿತವನನ್ನು ಸ್ವಾವಲಂಬಿಯೆನ್ನಲು ಅಡ್ಡಿಯಿಲ್ಲ.